ಬ್ಯಾಂಜೋದ ಬೇರು ಹುಡುಕಿ ಆಫ್ರಿಕಾಕ್ಕೆ ಹೋದ ಆಲ್ಬಂ

[ಪರದೆ: ಬ್ಯಾಂಜೋ ತಂತಿಗಳ ಮೇಲೆ ಓಡುವ ಬೆರಳುಗಳು]

ನಮಸ್ಕಾರ. ಬ್ಯಾಂಜೋ ಅಂದ ಕೂಡಲೇ ಅಮೆರಿಕದ ಬೆಟ್ಟಗಾಡಿನ ಬಿಳಿಯರು ನೆನಪಾಗ್ತಾರೆ, ಅಲ್ವಾ? ಆದರೆ ಅದರ ಬೇರು ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಅಮೆರಿಕದ ಬ್ಯಾಂಜೋ ವಾದಕ ಬೇಲಾ ಫ್ಲೆಕ್ ಅವರ 2009ರ ಆಲ್ಬಂ ‘ಥ್ರೋ ಡೌನ್ ಯುವರ್ ಹಾರ್ಟ್’ ಅದನ್ನು ನುಡಿಸಿಯೇ ತೋರಿಸುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಕೀಲಿ ಒತ್ತಿ ನುಡಿಸುವ ಬ್ಯಾಂಜೋ ಬೇರೆ, ಅದು ಬುಲ್‌ಬುಲ್ ತರಂಗ್. ಇದು ದುಂಡು ಚೌಕಟ್ಟಿಗೆ ಚರ್ಮ ಬಿಗಿದು ತಂತಿ ಕಟ್ಟಿದ ವಾದ್ಯ.

[ಪರದೆ: ಸ್ಲೋನ್ ಪುಸ್ತಕದ ಹಳೆಯ ಚಿತ್ರ]

1687ರಲ್ಲಿ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯ ಜಮೈಕಾಕ್ಕೆ ಹೋದ. ಅಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ನುಡಿಸುತ್ತಿದ್ದ ಸೋರೆಬುರುಡೆಯ ವಾದ್ಯಗಳ ಬಗ್ಗೆ ಬರೆದ. 1707ರಲ್ಲಿ ಚಿತ್ರವೂ ಅಚ್ಚಾಯಿತು. 1840ರ ದಶಕದಲ್ಲಿ ಬಿಳಿಯ ಕಲಾವಿದರು ಮುಖಕ್ಕೆ ಕಪ್ಪು ಬಳಿದುಕೊಂಡು, ಕಪ್ಪು ಜನರನ್ನು ಅಣಕಿಸುತ್ತಾ ಇದೇ ವಾದ್ಯ ನುಡಿಸಿ ಹೆಸರು ಮಾಡಿದರು. ವಾದ್ಯ ಊರೂರಿಗೆ ಹಬ್ಬಿತು. ಅದನ್ನು ಕಟ್ಟಿದವರನ್ನು ಮಾತ್ರ ಜನ ಮರೆತರು. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಮುಂದೆ 1945ರ ಕೊನೆಗೆ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್, ಗಾಯಕ ಬಿಲ್ ಮನ್ರೋ ಅವರ ತಂಡ ಸೇರಿದರು. ಸ್ಕ್ರಗ್ಸ್ ಅವರ ಮೂರು ಬೆರಳಿನ ವೇಗದ ನುಡಿಸಾಣಿಕೆ ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಮೂಲದ ಸಂಗೀತ ಶೈಲಿಯ ಗುರುತಾಯಿತು. ಫ್ಲೆಕ್ ಆ ಶೈಲಿಯಿಂದ ಬಂದು, ಜಾಝ್‌ನಲ್ಲೂ ಪಳಗಿದವರು. ಉಗಾಂಡಾ, ಟಾಂಜಾನಿಯಾ, ಗ್ಯಾಂಬಿಯಾ, ಮಾಲಿ ಸುತ್ತಿ, ಅಲ್ಲಿನವರ ಜೊತೆ ಕೂತು ರೆಕಾರ್ಡ್ ಮಾಡಿದರು.

[ಪರದೆ: ಅಕೊಂಟಿಂಗ್, ಪಕ್ಕದಲ್ಲಿ ಬ್ಯಾಂಜೋ]

ಗ್ಯಾಂಬಿಯಾದ ಭಾಗವನ್ನು ಸಮಾಧಾನವಾಗಿ ಕೇಳಿ. ಜೋಲಾ ಜನರ ವಾದ್ಯ ಅಕೊಂಟಿಂಗ್. ಸೋರೆಬುರುಡೆ, ಚರ್ಮ, ಮೂರು ತಂತಿ. ತೋರುಬೆರಳಿನ ಉಗುರು ಮೇಲಿನಿಂದ ಕೆಳಕ್ಕೆ ಹೊಡೆಯುತ್ತದೆ. ಹೆಬ್ಬೆರಳು ಗಿಡ್ಡ ತಂತಿಯನ್ನು ಮಿಡಿಯುತ್ತದೆ. ಆ ತಂತಿಯ ಸ್ವರ ಬದಲಾಗುವುದಿಲ್ಲ, ತಂಬೂರಿಯ ಶ್ರುತಿಯ ಹಾಗೆ. ಈಗ ಬ್ಯಾಂಜೋ ನೋಡಿ. ಐದನೇ ತಂತಿ ಗಿಡ್ಡ, ಅದೂ ಹೆಬ್ಬೆರಳಿಗೇ! ಅಮೆರಿಕದ ಹಳೆಯ ‘ಕ್ಲಾಹ್ಯಾಮರ್’ ಶೈಲಿಯಲ್ಲೂ ಉಗುರಿನ ಹೊಡೆತ ಹೀಗೇ ಇದೆ. ಕೈಯ ಅಭ್ಯಾಸ ಸಮುದ್ರ ದಾಟಿ ಉಳಿದುಕೊಂಡಿದೆ. ಅಕೊಂಟಿಂಗ್ ನುಡಿಸುವ ಜಟ್ಟಾ ಕುಟುಂಬದ ಜೊತೆಗಿನ ‘ಅಜುಲಾ/ಎಂಬಾಂಬಾ’ ಟ್ರ್ಯಾಕನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

[ಪರದೆ: ಮಾಲಿಯ ದೃಶ್ಯಗಳು]

ಮಾಲಿಯ ಗಾಯಕಿ ಊಮೂ ಸಂಗಾರೆ ಹಾಡಿರುವ ‘ಆ ಎನ್‌ಡಿಯಾ’ದಲ್ಲಿ ಫ್ಲೆಕ್ ತಮ್ಮ ವೇಗ ಮೆರೆಸಲು ಹೋಗುವುದಿಲ್ಲ. ದನಿಗೆ ದಾರಿ ಬಿಟ್ಟು ಹಿಂದೆ ನಿಲ್ಲುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಆ ವಿನಯ.

ಆಲ್ಬಂಗೆ ಗ್ರ್ಯಾಮಿ ಕೂಡ ಬಂತು. ಇದು ಹಿಡಿಸಿದರೆ 2023ರ ‘ಆಸ್ ವಿ ಸ್ಪೀಕ್’ ಕೇಳಿ. ಅದರಲ್ಲಿ ಫ್ಲೆಕ್ ಜೊತೆ ಜಾಕಿರ್ ಹುಸೇನ್ ಅವರ ತಬಲಾ, ರಾಕೇಶ್ ಚೌರಾಸಿಯಾ ಅವರ ಕೊಳಲು, ಎಡ್ಗರ್ ಮೇಯರ್ ಅವರ ಬಾಸ್ ಇದೆ.