ಫ್ಯಾದಮ್ ಅಂದರೆ ಒಂದು ಮಾರು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಕೇಳಿಸಿದವರು ಕೈ ಎತ್ತಿ. ಸರಿ, ಎತ್ತಿದ ಕೈ ಇಳಿಸಬೇಡಿ, ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ. ಪಕ್ಕದವರ ಕನ್ನಡಕಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಒಂದು ಕೈಯ ನಡುಬೆರಳಿನ ತುದಿಯಿಂದ ಇನ್ನೊಂದು ಕೈಯ ನಡುಬೆರಳಿನ ತುದಿವರೆಗೆ ಎಷ್ಟಿದೆಯೋ ಅದು ಒಂದು ಮಾರು. ಇಂಗ್ಲಿಷಿನಲ್ಲಿ ಅದೇ ಫ್ಯಾದಮ್. ಇವತ್ತಿನ ಮಾತು ಈ ಒಂದು ಪದದ ಮೇಲೆ. ಕೈ ಇಳಿಸಿ ಈಗ, ನೋವಾದೀತು.

ನಮ್ಮ ಬೀದಿಯ ಮೂಲೆಯಲ್ಲಿ ಹೂವು ಮಾರುವ ಅಮ್ಮ ಒಬ್ಬರಿದ್ದಾರೆ. ಮಾರು ಲೆಕ್ಕದಲ್ಲಿ ಮಾರುತ್ತಾರೆ, ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದು ನಮ್ಮ ಅದೃಷ್ಟ. ಅವರು ಗಿಡ್ಡ, ಕೈಯೂ ಗಿಡ್ಡ. ಒಂದು ದಿನ ನನ್ನ ಹೆಂಡತಿ, "ನಿಮ್ಮ ಮಾರು ಚಿಕ್ಕದಮ್ಮ, ಇಲ್ಲಿ ಕೊಡಿ, ನಾನೇ ಅಳೀತೀನಿ" ಅಂದಳು. ಅವರು ಹೂವಿನ ಮೇಲೆ ನೀರು ಚಿಮುಕಿಸುತ್ತಲೇ, "ಅಳ್ಕೊಳಿ ಕಣಮ್ಮ, ನಿಮ್ಮ ಕೈಗೆ ರೇಟು ಬೇರೆ" ಅಂದರು. ಅಳತೆಯ ಇತಿಹಾಸದಲ್ಲಿ ನಡೆದ ಜಗಳವೆಲ್ಲ ಈ ಎರಡು ಮಾತಿನಲ್ಲಿದೆ. ಮೈಯಿಂದ ಅಳೆದರೆ ಯಾರ ಮೈ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಹಳೆಯ ಲೆಕ್ಕ ಹಿರಿಯರಿಗೆ ನೆನಪಿರುತ್ತದೆ. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಗೇಣಿಗೆ 9 ಇಂಚು ಇಟ್ಟುಕೊಂಡರೆ ಮೊಳ 18, ಮಾರು 72 ಇಂಚು, ಅಂದರೆ 6 ಅಡಿ. ಇಂಗ್ಲಿಷಿನ ಫ್ಯಾದಮ್ ಕೂಡ 6 ಅಡಿಯೇ, ಮೀಟರಿನಲ್ಲಿ ಸುಮಾರು 1.83. ಯಾರೂ ಯಾರಿಂದಲೂ ಕದ್ದಿಲ್ಲ. ಅಲ್ಲಿಯ ಮನುಷ್ಯನಿಗೂ ಎರಡೇ ಕೈ, ಅಷ್ಟೇ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ 'ಫ್ಯಾದ್ಮ್'. ಅದಕ್ಕೆ ಚಾಚಿದ ತೋಳುಗಳು ಅನ್ನುವ ಅರ್ಥ ಇತ್ತು, ಅಪ್ಪುಗೆ ಅನ್ನುವ ಅರ್ಥ ಇತ್ತು, ಎದೆ, ಮಡಿಲು ಅನ್ನುವುದೂ ಇತ್ತು. ಕ್ರಿಯಾಪದ ಮಾಡಿದರೆ ಅಪ್ಪಿಕೊಳ್ಳುವುದು. ಅಂದರೆ ನೀರಿನ ಆಳ ಅಂತ ನಾವು ಅರ್ಥ ಮಾಡಿಕೊಳ್ಳುವ ಪದ ಹುಟ್ಟಿದ್ದು ಅಪ್ಪುಗೆಯಲ್ಲಿ! ಇದರ ಅಣ್ಣತಮ್ಮಂದಿರು ಯುರೋಪಿನಲ್ಲಿ ಇನ್ನೂ ಇದ್ದಾರೆ. ಸ್ವೀಡನ್ನಿನಲ್ಲಿ 'ಫಮ್ನ್' ಅಂದರೆ ಈಗಲೂ ತೋಳಿನ ಅಪ್ಪುಗೆ, ಮಗುವನ್ನು ಎತ್ತಿಕೊಳ್ಳುವ ಜಾಗ. ಜರ್ಮನ್ನಿನಲ್ಲಿ ಅದೇ ಪದ 'ಫಾಡೆನ್' ಆಗಿ ದಾರ ಅನ್ನುವ ಅರ್ಥಕ್ಕೆ ಹೋಗಿದೆ. ಎರಡು ಕೈ ಚಾಚಿ ಎಳೆದಷ್ಟು ದಾರ ಅಂತ ಇಟ್ಟುಕೊಳ್ಳಿ.

ಇನ್ನೂ ಹಿಂದೆ ಹೋದರೆ 'ಹರಡು, ಚಾಚು' ಅನ್ನುವ ಅರ್ಥದ ಒಂದು ಬೇರು ಸಿಗುತ್ತದೆ, ಅದು ಶುರುವಾಗುವುದು ಪ ಅಕ್ಷರದಿಂದ. ಪ ಹೇಗೆ ಫ ಆಯಿತು? ಪಿತೃ–ಫಾದರ್, ಪಾದ–ಫುಟ್, ಅದೇ ದಾರಿಯಲ್ಲಿ. ನಮಗೆ ಇದೇನು ಹೊಸದಲ್ಲ, ಪಾಲು ಹಾಲಾಯಿತು, ಪೂವು ಹೂವಾಯಿತು. ಆ ಬೇರಿನಿಂದಲೇ ಗ್ರೀಕಿನ ಮೂಲಕ ಪೆಟಲ್ ಬಂತು, ಹೂವಿನ ಎಸಳು. ಹಾಗಾಗಿ ನಮ್ಮ ಹೂವಿನ ಅಮ್ಮ ಕೈ ಚಾಚಿ ಎಸಳು ಅಳೆಯುವಾಗ, ಇಂಗ್ಲಿಷಿನ ಲೆಕ್ಕದಲ್ಲಿ ದಾಯಾದಿಗಳಿಬ್ಬರು ಸಂತೆಯಲ್ಲಿ ಭೇಟಿಯಾದಂತೆ. ಸುಮ್ನೆ ಹೇಳಿದೆ, ಇದನ್ನು ಪರೀಕ್ಷೆಯಲ್ಲಿ ಬರೀಬೇಡಿ.

ನಮ್ಮ ಕಡೆಯ ಮಾರು ಕೂಡ ಸಾಮಾನ್ಯದ ಪದವಲ್ಲ. ತಮಿಳಿನಲ್ಲಿ, ಮಲಯಾಳದಲ್ಲಿ 'ಮಾರ್' ಅಂದರೆ ಎದೆ. ಕೈ ಚಾಚಿ ಅಳೆಯುವಾಗ ಅಳತೆ ಹಾದುಹೋಗುವುದು ಎದೆಯ ಮೇಲೇ ಅಲ್ವಾ? ಅಲ್ಲಿಯೂ ಎದೆ, ಇಲ್ಲಿಯೂ ಎದೆ.

ಈಗ ಮುಖ್ಯ ಪ್ರಶ್ನೆ. ಕೈ ಚಾಚುವುದು ಅಡ್ಡಕ್ಕೆ, ಆಳ ಇರುವುದು ಕೆಳಕ್ಕೆ. ಅಡ್ಡದ ಅಳತೆ ಉದ್ದುದ್ದಕ್ಕೆ ನೀರಿಗೆ ಇಳಿದದ್ದು ಹೇಗೆ? ಬಾವಿಯಿಂದ ಹಗ್ಗ ಎಳೆದು ಸುತ್ತಿಟ್ಟವರಿಗೆ ಉತ್ತರ ಗೊತ್ತು. ಹಗ್ಗ ಮೇಲೆ ಬಂದ ಹಾಗೆ ಎರಡು ಕೈಗಳ ನಡುವೆ ಚಾಚುತ್ತಾ, ಒಂದು ಮಾರು, ಎರಡು ಮಾರು ಅಂತ ಎಣಿಸುತ್ತೇವೆ. ಹಡಗಿನವರೂ ಅದನ್ನೇ ಮಾಡಿದರು. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಎಸೆದು, ತಳ ಮುಟ್ಟಿದಾಗ ಎಷ್ಟು ಹಗ್ಗ ಹೋಗಿದೆ ನೋಡುವುದು. ಗುಂಡಿನ ಅಡಿಯಲ್ಲಿ ಒಂದು ಗುಳಿ, ಅದರಲ್ಲಿ ಪ್ರಾಣಿಗಳ ಕೊಬ್ಬು ಮೆತ್ತಿರುತ್ತಿತ್ತು. ಮೇಲೆ ಬಂದಾಗ ಕೊಬ್ಬಿಗೆ ಮರಳು ಅಂಟಿದೆಯಾ, ಕೆಸರಾ, ಚಿಪ್ಪಾ ಅಂತ ನೋಡಿ ತಳ ಎಂಥದ್ದು ಅಂತ ತಿಳಿಯುತ್ತಿದ್ದರು.

ಆ ಹಗ್ಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2 ಫ್ಯಾದಮಿನಲ್ಲಿ ಎರಡು ಚರ್ಮದ ಪಟ್ಟಿ, 3ರಲ್ಲಿ ಮೂರು ಪಟ್ಟಿ, 5ರಲ್ಲಿ ಬಿಳಿ ಹತ್ತಿ ಬಟ್ಟೆ, 7ರಲ್ಲಿ ಬಾವುಟಕ್ಕೆ ಬಳಸುವ ಕೆಂಪು ಉಣ್ಣೆ ಬಟ್ಟೆ, 10ರಲ್ಲಿ ತೂತಿರುವ ಚರ್ಮ. ಬೇರೆ ಬೇರೆ ಬಟ್ಟೆ ಯಾಕೆ? ರಾತ್ರಿ ಬಣ್ಣ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ಗುರುತು ಇದ್ದಲ್ಲಿ 'ಮಾರ್ಕ್' ಅಂತ, ಗುರುತು ಇಲ್ಲದ 4, 6, 8ರಂಥ ಕಡೆ 'ಡೀಪ್' ಅಂತ ಕೂಗುತ್ತಿದ್ದರು. 'ಡೀಪ್ ಸಿಕ್ಸ್' ಅನ್ನುವ ಆಡುಮಾತು, ಅಂದರೆ ಕೈಗೆ ಸಿಗದ ಹಾಗೆ ನೀರಿಗೆ ಎಸೆದುಬಿಡುವುದು, ಹಡಗಿನವರ ಬಾಯಿಂದ ಬಂದದ್ದು. ಇನ್ನು ಮಿಸಿಸಿಪ್ಪಿ ನದಿಯ ಉಗಿದೋಣಿಗಳಲ್ಲಿ 2 ಫ್ಯಾದಮ್ ನೀರು ಸಿಕ್ಕಿತು ಅಂದರೆ 12 ಅಡಿ, ದೋಣಿ ಸಲೀಸಾಗಿ ಹೋಗಬಹುದು. ಅದಕ್ಕೆ ಕೂಗು 'ಮಾರ್ಕ್ ಟ್ವೇನ್', ಟ್ವೇನ್ ಅಂದರೆ ಹಳೆಯ ಇಂಗ್ಲಿಷಿನ ಎರಡು. ಆ ನದಿಯಲ್ಲಿ ದೋಣಿ ನಡೆಸಿದ ಸ್ಯಾಮುಯೆಲ್ ಕ್ಲೆಮೆನ್ಸ್ 1863ರಲ್ಲಿ ಅದನ್ನೇ ತನ್ನ ಕಾವ್ಯನಾಮ ಮಾಡಿಕೊಂಡ. ಕನ್ನಡಕ್ಕೆ ತಂದರೆ ನಾವು ಅವನನ್ನು 'ಎರಡು ಮಾರು' ಅಂತ ಕರೆಯಬೇಕಾಗಿತ್ತು.

ಈ ಹಗ್ಗದ ಕೆಲಸ ಎಷ್ಟು ಆಳಕ್ಕೆ ಹೋಯಿತು ಗೊತ್ತಾ? 1875ರ ಮಾರ್ಚ್ 23ರಂದು ಬ್ರಿಟಿಷ್ ಹಡಗು ಚಾಲೆಂಜರ್ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ ಹಗ್ಗ ಬಿಟ್ಟಿತು. 4,475 ಫ್ಯಾದಮ್, ಎಂಟು ಕಿಲೋಮೀಟರಿಗಿಂತ ಜಾಸ್ತಿ. ಅಷ್ಟನ್ನೂ ಲೆಕ್ಕ ಬರೆದಿಟ್ಟದ್ದು ತೋಳಿನ ಅಳತೆಯಲ್ಲಿ. ಈಗ ಆಳ ನೋಡುವುದು ಶಬ್ದ ಕಳಿಸಿ. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ 'ಸೌಂಡಿಂಗ್' ಅನ್ನುತ್ತಾರೆ, ತಮಾಷೆ ಏನೆಂದರೆ ಆ ಪದಕ್ಕೂ ಶಬ್ದಕ್ಕೂ ಸಂಬಂಧವೇ ಇಲ್ಲ, ಅದು ಫ್ರೆಂಚಿನಿಂದ ಬಂದ ಬೇರೆ ಪದ. ಶಬ್ದ ಆಮೇಲೆ ತಾನಾಗಿ ಬಂದು ಸೇರಿಕೊಂಡಿತು.

ಹದಿನೇಳನೆಯ ಶತಮಾನದ ಶುರುವಿನಲ್ಲಿ ಫ್ಯಾದಮ್ ನೀರಿನಿಂದ ತಲೆಗೆ ಬಂತು. ತಳ ಮುಟ್ಟುವವರೆಗೆ ಯೋಚಿಸುವುದು, ಅರ್ಥ ಮಾಡಿಕೊಳ್ಳುವುದು ಅನ್ನುವ ಅರ್ಥ ಆಯಿತು. ಆದರೆ ಇವತ್ತು ಜನ ಅದನ್ನು ಬಳಸುವುದು ಹೆಚ್ಚಾಗಿ ಆಗಲಿಲ್ಲ ಅನ್ನುವುದಕ್ಕೇ. ಅವನು ಯಾಕೆ ಹಾಗೆ ಮಾಡಿದನೋ ಫ್ಯಾದಮ್ ಮಾಡೋಕೆ ಆಗ್ತಿಲ್ಲ ಅನ್ನುತ್ತಾರೆ. ಹಗ್ಗ ಸಾಲಲಿಲ್ಲ ಅಂತ.

ನಮ್ಮ ಮಾರು ತಲೆಯವರೆಗೆ ಬರಲಿಲ್ಲ, ಹೂವಿನಲ್ಲಿ, ಹಗ್ಗದಲ್ಲಿ ಉಳಿಯಿತು. ನಮಗೆ ಆ ಕೆಲಸ ಮಾಡಿದ್ದು ಆಳ. ಅವನ ಆಳ ಅಗಲ ಗೊತ್ತಿಲ್ಲ ಅನ್ನುತ್ತೇವೆ. ಈ ಆಳಕ್ಕೂ ಮನುಷ್ಯ ಅನ್ನುವ ಆಳಿಗೂ ನಂಟಿದೆ ಅಂತ ಬಹಳ ದಿನ ನಾನು ನಂಬಿದ್ದೆ, ಎರಡಾಳು ನೀರು ಅನ್ನುತ್ತೇವಲ್ಲ, ಅದಕ್ಕೆ. ನಂಟಿಲ್ಲ. ಹಳಗನ್ನಡದಲ್ಲಿ ಮನುಷ್ಯನಿಗೆ ಳ, ಆಳಕ್ಕೆ ೞ. ಆ ಅಕ್ಷರ ಬಿಟ್ಟುಹೋದ ಮೇಲೆ ಎರಡೂ ಒಂದೇ ಥರ ಕಾಣುತ್ತಿವೆ. ೞ ಇರುವ 'ಆೞ್' ಅಂದರೆ ಮುಳುಗು. ತಮಿಳಿನ ಆಳ್ವಾರರ ಹೆಸರಿಗೂ ಸಂಪ್ರದಾಯದವರು ಹೇಳುವ ಅರ್ಥ ಅದೇ, ಭಕ್ತಿಯಲ್ಲಿ ಮುಳುಗಿದವರು.

ನನಗೆ ಹಿಡಿಸಿದ್ದು ಈ ವ್ಯತ್ಯಾಸ. ಫ್ಯಾದಮ್ ಮಾಡುವವನು ದೋಣಿಯಲ್ಲಿ ನಿಂತಿರುತ್ತಾನೆ, ಮೈ ಒದ್ದೆಯಾಗುವುದಿಲ್ಲ, ಗುಂಡು ಕೆಳಗೆ ಹೋಗಿ ಸುದ್ದಿ ತರುತ್ತದೆ. ಆಳಕ್ಕೆ ಹೋದವನು ತಾನೇ ಮುಳುಗಿರುತ್ತಾನೆ. ಯಾವುದು ಮೇಲು ಅಂತ ಕೇಳಿದರೆ ನಾನು ದೋಣಿಯವನ ಕಡೆ, ನನಗೆ ಈಜು ಬರುವುದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ಗ್ರೀಕ್ ಬಗ್ಗೆ ಮಾತ್ರ ಬೇಡ, ಅಲ್ಲಿ ನನಗೆ ಮೊಣಕಾಲುದ್ದದ ನೀರೇ ಜಾಸ್ತಿ.