ಬ್ಯಾಚ್ ನಂಬರು ಸಾಲದು

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ 'ಔಷಧ ಪೂರೈಕೆ ಸರಪಳಿಯ ಡಿಜಿಟಲ್ ಪರಿವರ್ತನೆ' ಎಂದು ಅಚ್ಚಾಗಿದೆ. ಹೆಸರು ದೊಡ್ಡದಾಯಿತು. ನಾನು ಮಾತಾಡುವುದು ಒಂದು ಡಬ್ಬಿಯ ಬಗ್ಗೆ, ಅದರ ಮೇಲಿರುವ ಚುಕ್ಕಿಚುಕ್ಕಿ ಚೌಕದ ಬಗ್ಗೆ. ಮುಂದೆ ಕೂತವರು ಮೆಡಿಕಲ್ ಶಾಪಿನವರು, ಸಗಟು ಮಾರುವ ಸ್ಟಾಕಿಸ್ಟರು, ನಡುವೆ ಬಿ.ಫಾರ್ಮ್ ಹುಡುಗರು, ಹಿಂದಿನ ಸಾಲಿನಲ್ಲಿ ಸರ್ಕಾರಿ ಉಗ್ರಾಣದ ಫಾರ್ಮಸಿ ಅಧಿಕಾರಿಗಳು. ಆದ್ದರಿಂದ ಬ್ಯಾಚ್ ಎಂದರೇನು, ಶೆಡ್ಯೂಲ್ ಎಚ್ ಎಂದರೇನು ಎಂದು ಹೇಳುತ್ತ ನಿಲ್ಲುವುದಿಲ್ಲ.

2022ರ ನವೆಂಬರ್ 17ರಂದು ಕೇಂದ್ರ ಆರೋಗ್ಯ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ದೇಶದ ಔಷಧ ನಿಯಮಗಳಾದ ಡ್ರಗ್ಸ್ ರೂಲ್ಸ್‌ಗೆ ಶೆಡ್ಯೂಲ್ ಎಚ್2 ಎಂಬ ಅನುಬಂಧ ಸೇರಿತು. ಅದರಲ್ಲಿ 300 ಬ್ರ್ಯಾಂಡುಗಳ ಪಟ್ಟಿ: ನಮ್ಮ ಬೆಂಗಳೂರಿನ ಕಂಪನಿಯ ಡೋಲೋ ಇದೆ, ಅಲೆಗ್ರಾ, ಆಗ್ಮೆಂಟಿನ್, ಥೈರೋನಾರ್ಮ್, ಸಾರಿಡಾನ್ ಇವೆ. 2023ರ ಆಗಸ್ಟ್ 1ರಿಂದ ತಯಾರಾದ ಮಾಲಿನ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಲೇಬೇಕು. ಸ್ಟ್ರಿಪ್ಪಿನ ಮೇಲೆ ಜಾಗ ಸಾಲದಿದ್ದರೆ ಹೊರಗಿನ ಕಾರ್ಟನ್ ಮೇಲೆ. ಅದರೊಳಗೆ ಎಂಟು ಸಂಗತಿ: ಉತ್ಪನ್ನದ ಗುರುತಿನ ಸಂಖ್ಯೆ, ಜೆನೆರಿಕ್ ಹೆಸರು, ಬ್ರ್ಯಾಂಡ್ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್, ತಯಾರಿಕೆಯ ದಿನಾಂಕ, ಎಕ್ಸ್‌ಪೈರಿ, ಲೈಸೆನ್ಸ್ ನಂಬರು.

ಒಳ್ಳೆಯದೇ. ಕಣ್ಣು ಕಿರಿದು ಮಾಡಿ ಸ್ಟ್ರಿಪ್ಪಿನ ಅಂಚನ್ನು ಓದುವ ಕಷ್ಟ ತಪ್ಪಿತು. ಆದರೆ ಆ ಎಂಟರಲ್ಲಿ ಡಬ್ಬಿಯಿಂದ ಡಬ್ಬಿಗೆ ಬದಲಾಗಲೇಬೇಕು ಎಂಬಂಥದ್ದು ಒಂದೂ ಇಲ್ಲ. ಒಂದೇ ಸಲಕ್ಕೆ ಒಟ್ಟಾಗಿ ತಯಾರಾದ ಹತ್ತು ಲಕ್ಷ ಮಾತ್ರೆಯ ಬ್ಯಾಚ್ ಎಂದರೆ ಹತ್ತರ ಸ್ಟ್ರಿಪ್ ಒಂದು ಲಕ್ಷ. ಅಷ್ಟಕ್ಕೂ ಒಂದೇ ಕೋಡ್ ಹಾಕಿದರೂ ಕಾನೂನು ಪಾಲಿಸಿದಂತೆಯೇ. ಬ್ಯಾಚ್ ನಂಬರು ಊರಿನ ಹೆಸರಿದ್ದಂತೆ, ಮನೆ ನಂಬರಲ್ಲ. ಕಳ್ಳ ಏನು ಮಾಡುತ್ತಾನೆ? ಅಂಗಡಿಯಿಂದ ಒಂದು ಅಸಲಿ ಸ್ಟ್ರಿಪ್ ಕೊಂಡು, ಆ ಕ್ಯೂಆರ್ ಅನ್ನೇ ತೆಗೆದು ಹತ್ತು ಸಾವಿರ ಪ್ರತಿ ಮುದ್ರಿಸುತ್ತಾನೆ. ಗಿರಾಕಿ ಮೊಬೈಲ್ ಹಿಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಮಾಹಿತಿ ನಿಜಕ್ಕೂ ಸರಿ. ಮಾತ್ರೆ ಮಾತ್ರ ಸುಳ್ಳು. ಮೊದಲು ನಕಲಿ ಸ್ಟ್ರಿಪ್ ನೋಡಿ ಅನುಮಾನ ಪಡುತ್ತಿದ್ದ ಗಿರಾಕಿ ಈಗ ಸ್ಕ್ಯಾನ್ ಮಾಡಿ ನಿಶ್ಚಿಂತೆಯಾಗಿ ನುಂಗುತ್ತಾನೆ!

ಇದು ಬರೀ ಊಹೆ ಅನ್ನುವವರಿಗೆ ಅಮೆರಿಕದ ಒಂದು ಪ್ರಕರಣ ಹೇಳಬೇಕು. ಎಚ್‌ಐವಿ ಔಷಧ ಮಾಡುವ ಗಿಲಿಯಾಡ್ ಕಂಪನಿ 2022ರ ಜನವರಿಯಲ್ಲಿ ಬಹಿರಂಗವಾಗಿ ಹೇಳಿದ್ದು ಇದು: ಎರಡು ವರ್ಷದಲ್ಲಿ ತನ್ನ ಹೆಸರಿನ 85,247 ನಕಲಿ ಬಾಟಲಿ ಅಮೆರಿಕದ ಔಷಧ ಅಂಗಡಿಗಳಿಗೆ ಹೋಗಿವೆ, ಬೆಲೆ ಸುಮಾರು 25 ಕೋಟಿ ಡಾಲರ್. ಬಿಕ್ಟಾರ್ವಿ, ಡೆಸ್ಕೊವಿ ಎಂಬ ಮಾತ್ರೆಗಳು. ಸಂದಿಯಲ್ಲಿ ಮಾರಿದ್ದಲ್ಲ, ಲೈಸೆನ್ಸ್ ಇದ್ದ ಹೋಲ್‌ಸೇಲರಿಂದ ಲೈಸೆನ್ಸ್ ಇದ್ದ ಫಾರ್ಮಸಿಗೆ, ಬಿಲ್ಲಿನ ಸಮೇತ.

ಹೇಗೆ ಸಾಧ್ಯವಾಯಿತು? ಬಾಟಲಿ ಕಂಪನಿಯದ್ದೇ, ಬ್ಯಾಚ್ ಕಂಪನಿಯದ್ದೇ. ಬಳಸಿದ ಅಸಲಿ ಬಾಟಲಿಗೆ ಬೇರೆ ಮಾತ್ರೆ ತುಂಬಿ ಮತ್ತೆ ಮುಚ್ಚಿದ್ದರು. ಒಬ್ಬ ರೋಗಿಗೆ ಎಚ್‌ಐವಿ ಮಾತ್ರೆಯ ಜಾಗದಲ್ಲಿ ಸಿಕ್ಕಿದ್ದು ಮನೋರೋಗಕ್ಕೆ ಕೊಡುವ ಕ್ವೆಟಿಯಾಪಿನ್. ನುಂಗಿದ ಮೇಲೆ ಅವರಿಗೆ ಮಾತು ಹೊರಡಲಿಲ್ಲ, ಕಾಲು ನಡೆಯಲಿಲ್ಲ. ಅಲ್ಲಿ ಮಾಲಿನ ಜೊತೆ 'ಪೆಡಿಗ್ರೀ' ಎಂಬ ಕಾಗದ ಹೋಗಬೇಕು: ಕಂಪನಿಯಿಂದ ಯಾರು ಕೊಂಡರು, ಅವರಿಂದ ಯಾರು. ಆ ಕಾಗದ ಹೋಗಿತ್ತು! ಸುಂದರವಾಗಿ ಟೈಪಾಗಿತ್ತು. ಅದರಲ್ಲಿದ್ದ ದೊಡ್ಡ ವಿತರಕರನ್ನು ವಿಚಾರಿಸಿದರೆ ಆ ಮಾರಾಟವೇ ನಡೆದಿಲ್ಲ. ಕಾಗದದಲ್ಲಿ ಬ್ಯಾಚ್ ನಂಬರಿತ್ತು, ಅದು ಸರಿಯಾಗಿಯೇ ಇತ್ತು. ಊರು ಸರಿ, ಮನೆ ಯಾರದೋ. ಪ್ರತಿ ಬಾಟಲಿಯ ಬೇರೆ ಬೇರೆ ಸಂಖ್ಯೆ ನೋಡಿ, 'ಈ ಸಂಖ್ಯೆ ಆಗಲೇ ಒಬ್ಬ ರೋಗಿಗೆ ಮಾರಾಟವಾಗಿದೆ' ಎಂದು ಹೇಳುವ ಕಡತವೊಂದು ಇದ್ದಿದ್ದರೆ ಆ ಬಾಟಲಿ ಎರಡನೇ ಸಲ ಕೌಂಟರಿಗೆ ಬಂದಾಗಲೇ ಸಿಕ್ಕಿಬೀಳುತ್ತಿತ್ತು.

ಪ್ರತಿ ಬಾಟಲಿಯ ಜಾಡು ಹಿಡಿಯುವ ಕಾನೂನು ಅಮೆರಿಕದಲ್ಲಿ ಇರಲಿಲ್ಲವೆಂದಲ್ಲ. 2013ರ ನವೆಂಬರ್ 27ರಂದೇ ಸಹಿಯಾಗಿತ್ತು, ಹತ್ತು ವರ್ಷದ ಗಡುವು. 2023ರಲ್ಲಿ ಗಡುವು ಮುಗಿದಾಗ ಯಾರೂ ತಯಾರಿಲ್ಲ. ಒಂದು ವರ್ಷ ಕೊಟ್ಟರು, ಮತ್ತೆ ಒಬ್ಬೊಬ್ಬರಿಗೆ ಒಂದೊಂದು ದಿನಾಂಕ. ಸಣ್ಣ ಫಾರ್ಮಸಿಗಳಿಗೆ 2026ರ ನವೆಂಬರ್ 27ರ ತನಕ ವಿನಾಯಿತಿ. ಗಡುವು ಮುಂದೂಡುವುದು ನಮ್ಮ ಸರ್ಕಾರಗಳಿಗೆ ಮಾತ್ರ ಬರುವ ವಿದ್ಯೆ ಅಂದುಕೊಂಡವರಿಗೆ ಸಮಾಧಾನವಾಗಲಿ.

ಯುರೋಪಿನವರ ದಾರಿ ಬೇರೆ. 2019ರ ಫೆಬ್ರವರಿ 9ರಿಂದ ಅಲ್ಲಿ ಡಬ್ಬಿಯ ಹುಟ್ಟು ಮತ್ತು ಸಾವು ಎರಡನ್ನೇ ಮುಖ್ಯವಾಗಿ ನೋಡುತ್ತಾರೆ. ತಯಾರಕ ಪ್ರತಿ ಡಬ್ಬಿಯ ಸಂಖ್ಯೆಯನ್ನು ಕೇಂದ್ರದ ದತ್ತಾಂಶ ಕಣಜಕ್ಕೆ ಏರಿಸುತ್ತಾನೆ. ಕೌಂಟರಿನಲ್ಲಿ ಕೊಡುವಾಗ ಫಾರ್ಮಸಿಸ್ಟ್ ಸ್ಕ್ಯಾನ್ ಮಾಡಿ ಅದನ್ನು ರದ್ದು ಮಾಡುತ್ತಾನೆ. ನಡುವಿನ ಹೋಲ್‌ಸೇಲರು ಮುಖ್ಯವಾಗಿ ವಾಪಸು ಬಂದ ಮಾಲನ್ನು, ತಯಾರಕರಿಂದಾಗಲಿ ಅವರು ನೇಮಿಸಿದ ವಿತರಕರಿಂದಾಗಲಿ ಬಾರದ ಮಾಲನ್ನು ಪರೀಕ್ಷಿಸಿದರೆ ಸಾಕು. ಸಂಖ್ಯೆ ಒಂದು, ಎರಡು, ಮೂರು ಎಂದು ಸಾಲಾಗಿ ಕೊಡುವಂತಿಲ್ಲ. ಊಹಿಸಿ ಹೇಳಿದರೆ ಸರಿಯಾಗುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು ಎಂದು ನಿಯಮವೇ ಹೇಳುತ್ತದೆ. ನನ್ನ ಮಟ್ಟಿಗೆ ನಮ್ಮಂಥ ದೇಶಕ್ಕೆ ಈ ದಾರಿಯೇ ಹೊಂದುತ್ತದೆ. ಕಂಪನಿಯ ಮಾಲು ಸಾಗಿಸುವ ಸಿ ಅಂಡ್ ಎಫ್ ಏಜೆಂಟ್, ಸ್ಟಾಕಿಸ್ಟ್, ಸಬ್-ಸ್ಟಾಕಿಸ್ಟ್, ಅಂಗಡಿ ಎಂದು ನಾಲ್ಕು ಕೈ ದಾಟುವ ಮಾಲನ್ನು ಪ್ರತಿ ಕೈಯಲ್ಲೂ ಸ್ಕ್ಯಾನ್ ಮಾಡಿಸಲು ಹೊರಟರೆ ಅದು ಕಾಗದದ ಮೇಲೆ ಮಾತ್ರ ನಡೆದೀತು.

ಯುರೋಪಿನಲ್ಲಿ ಶುರುವಿನ ದಿನಗಳಲ್ಲಿ ಏನಾಯಿತು ಗೊತ್ತೇ? ಎಚ್ಚರಿಕೆಯ ಸಂದೇಶಗಳ ಸುರಿಮಳೆ. ನಕಲಿ ಮಾಲು ಎಲ್ಲಿ ಎಂದು ಹುಡುಕಿದರೆ ಕಂಪ್ಯೂಟರಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿತ್ತು! ಸ್ಕ್ಯಾನರ್ ಎಂಬುದು ಕಂಪ್ಯೂಟರಿಗೆ ಒಂದು ಕೀಬೋರ್ಡ್ ಅಷ್ಟೆ. ಕ್ಯಾಪ್ಸ್ ಲಾಕ್ ಇದ್ದರೆ ಸಣ್ಣ ಅಕ್ಷರ ದೊಡ್ಡದಾಗುತ್ತದೆ, ದೊಡ್ಡದು ಸಣ್ಣದಾಗುತ್ತದೆ, ಸಂಖ್ಯೆ ಕಣಜದಲ್ಲಿ ಸಿಗುವುದಿಲ್ಲ. ಜರ್ಮನ್ ಕೀಬೋರ್ಡಿನಲ್ಲಿ ವೈ ಇದ್ದ ಕಡೆ ಝಡ್. ಒಂದೇ ಡಬ್ಬಿಯನ್ನು ಕೈತಪ್ಪಿ ಎರಡು ಸಲ ಸ್ಕ್ಯಾನ್ ಮಾಡಿದರೂ ಗಂಟೆ ಹೊಡೆಯುತ್ತದೆ. ಹುಸಿ ಗಂಟೆ ದಿನವಿಡೀ ಹೊಡೆದರೆ ನಿಜವಾದ ಗಂಟೆಯನ್ನು ಯಾರೂ ಕೇಳುವುದಿಲ್ಲ. ತಂತ್ರಜ್ಞಾನ ಸೋಲುವುದು ಇಂಥ ಚಿಲ್ಲರೆ ಜಾಗಗಳಲ್ಲಿ.

ಇನ್ನೊಂದು ಚಿಲ್ಲರೆ ಜಾಗ. ವಿದ್ಯಾರ್ಥಿಗಳು ಬರೆದುಕೊಳ್ಳಿ, ಪರೀಕ್ಷೆಗೆ ಬರದಿದ್ದರೂ ನೌಕರಿಗೆ ಬರುತ್ತದೆ. ರಫ್ತಿನ ಡಬ್ಬಿಯ ಮೇಲಿನ ಡೇಟಾ ಮ್ಯಾಟ್ರಿಕ್ಸ್ ಎಂಬ ಚೌಕದ ಕೋಡಿನಲ್ಲಿ ನಾಲ್ಕು ಭಾಗ. 01ರ ನಂತರ 14 ಅಂಕಿಯ ಉತ್ಪನ್ನ ಸಂಖ್ಯೆ. 17ರ ನಂತರ ಆರು ಅಂಕಿಯ ಎಕ್ಸ್‌ಪೈರಿ: ವರ್ಷ, ತಿಂಗಳು, ದಿನ. 10ರ ನಂತರ ಬ್ಯಾಚ್, 21ರ ನಂತರ ಡಬ್ಬಿಯ ಸ್ವಂತ ಸಂಖ್ಯೆ. ಮೊದಲೆರಡರ ಉದ್ದ ನಿಗದಿ. ಕೊನೆಯೆರಡಕ್ಕೆ ನಿಗದಿಯಿಲ್ಲ, 20 ಅಕ್ಷರದ ತನಕ ಎಷ್ಟಾದರೂ ಆಗಬಹುದು. ಹಾಗಾದರೆ ಬ್ಯಾಚ್ ಎಲ್ಲಿ ಮುಗಿಯಿತು ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಸಂಕೇತ ಇರುತ್ತದೆ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಆಸ್ಕಿಯಲ್ಲಿ 29ನೆಯದು. ಕೀಬೋರ್ಡ್ ಮೋಡಿನಲ್ಲಿರುವ ಅಗ್ಗದ ಸ್ಕ್ಯಾನರ್ ಅದನ್ನು ನುಂಗಿಬಿಡುತ್ತದೆ. ಬ್ಯಾಚ್ ಎಬಿ1234, ಡಬ್ಬಿ ಸಂಖ್ಯೆ 7705 ಎಂದಿದ್ದರೆ ಪರದೆಯ ಮೇಲೆ ಎಬಿ1234217705 ಎಂಬ ಒಂದೇ ಉದ್ದನೆಯ ಬ್ಯಾಚ್ ಕಾಣುತ್ತದೆ. ಆ ಬ್ಯಾಚ್ ಭೂಮಿಯ ಮೇಲೆ ಎಲ್ಲೂ ಇಲ್ಲ. ಇದಕ್ಕೆ ಮದ್ದು ಸುಲಭ: ಸ್ಕ್ಯಾನರಿನ ಕೈಪಿಡಿಯಲ್ಲಿರುವ ಸೆಟ್ಟಿಂಗ್ ಕೋಡ್ ಹೊಡೆದು, ಆ ಸಂಕೇತದ ಬದಲು ಕಾಣುವ ಒಂದು ಚಿಹ್ನೆ ಕಳಿಸುವಂತೆ ಮಾಡುವುದು, ಸಾಫ್ಟ್‌ವೇರಿಗೂ ಅದನ್ನು ತಿಳಿಸುವುದು. ಇನ್ನು ಎಕ್ಸ್‌ಪೈರಿಯ ದಿನದ ಜಾಗದಲ್ಲಿ 00 ಇದ್ದರೆ ತಿಂಗಳ ಕೊನೆಯ ದಿನ ಎಂದು ಓದಬೇಕು. ಅಂಥ ತಾರೀಖೇ ಇಲ್ಲ ಎಂದು ಹಟ ಹಿಡಿದು ಮಾಲನ್ನು ತಳ್ಳಿಬಿಡುವ ಸಾಫ್ಟ್‌ವೇರ್‌ಗಳೂ ಇವೆ.

ರಫ್ತಿನ ಮಾತು ಬಂತು. ನಮ್ಮ ದೇಶದಿಂದ ಹೊರಹೋಗುವ ಔಷಧಕ್ಕೆ ಬಾರ್‌ಕೋಡ್ ಬೇಕೆಂಬ ಆದೇಶ 2011ರಲ್ಲೇ ಬಂದಿತ್ತು. ಪರದೇಶದ ರೋಗಿಯ ಡಬ್ಬಿಗೆ ಮನೆ ನಂಬರು, ನಮ್ಮ ರೋಗಿಯ ಸ್ಟ್ರಿಪ್ಪಿಗೆ ಊರ ಹೆಸರು! ಒಂದೇ ಕಾರ್ಖಾನೆ, ಒಂದೇ ಶೆಡ್ಡು, ಅಕ್ಕಪಕ್ಕದ ಪ್ಯಾಕಿಂಗ್ ಲೈನು. ಯಂತ್ರ ಇದೆ, ಕ್ಯಾಮರಾ ಇದೆ, ಕೆಲಸ ಬಲ್ಲ ಹುಡುಗರಿದ್ದಾರೆ. ಕಡ್ಡಾಯ ಮಾಡುವ ಮನಸ್ಸಿಲ್ಲ ಎನ್ನದೆ ಬೇರೇನು ಹೇಳಲಿ?

ಹಾಗೆಂದು ಲೈನಿನ ಕೆಲಸ ಸುಲಭ ಎನ್ನುತ್ತಿಲ್ಲ. ಪ್ರಿಂಟರ್ ಕೋಡ್ ಹೊಡೆಯುತ್ತದೆ, ಕ್ಯಾಮರಾ ಓದಿ ನೋಡುತ್ತದೆ, ಓದಲಾಗದ್ದು ರಿಜೆಕ್ಟ್ ಬಿನ್ನಿಗೆ ಬೀಳುತ್ತದೆ. ಕಾರ್ಟನ್ ಮೇಲೆ ಕೋಡ್ ಬರುವ ಜಾಗದಲ್ಲಿ ವಾರ್ನಿಷ್ ಇರಬಾರದು. ಇದ್ದರೆ ಇಂಕು ಒಣಗದೆ ಉಜ್ಜಿಹೋಗುತ್ತದೆ. ಕಾರ್ಖಾನೆಯಲ್ಲಿ ಪಾಸಾದ ಕೋಡ್ ಸಾಗಣೆಯ ದೊಡ್ಡ ಶಿಪ್ಪರ್ ಬಾಕ್ಸಿನಲ್ಲಿ ತಿಕ್ಕಾಡಿ ಅಂಗಡಿಗೆ ಬರುವಷ್ಟರಲ್ಲಿ ಫೇಲು. ಸ್ಟ್ರಿಪ್ಪಿನ ಅಲ್ಯೂಮಿನಿಯಂ ಹಾಳೆಯಂತೂ ಬೆಳಕಿಗೆ ಮಿರಮಿರ ಹೊಳೆಯುತ್ತದೆ, ಕ್ಯಾಮರಾ ಕಣ್ಣು ಕೋರೈಸುತ್ತದೆ.

ದೊಡ್ಡ ತಲೆನೋವು ಮಾತ್ರ ಮುಂದಿನ ಹೆಜ್ಜೆಯದು, ತಾಯಿ-ಮಗು ಜೋಡಣೆ. ನೂರು ಕಾರ್ಟನ್ ಒಂದು ಶಿಪ್ಪರಿಗೆ ಹೋದರೆ ಆ ನೂರು ಸಂಖ್ಯೆಯನ್ನೂ ಶಿಪ್ಪರಿನ 18 ಅಂಕಿಯ ಲೇಬಲ್ಲಿಗೆ ಕಟ್ಟಬೇಕು. ಶಿಪ್ಪರ್ ಮುಚ್ಚಿಯಾಯಿತು. ಆಮೇಲೆ ಕ್ವಾಲಿಟಿಯವರು ಬಂದು 'ಒಂದು ಸ್ಯಾಂಪಲ್ ಕೊಡಪ್ಪಾ' ಎನ್ನುತ್ತಾರೆ. ಲೈನಿನ ಹುಡುಗ ಟೇಪ್ ಕತ್ತರಿಸಿ ಒಂದು ಕಾರ್ಟನ್ ಕೊಟ್ಟು, ಮತ್ತೆ ಟೇಪ್ ಸುತ್ತುತ್ತಾನೆ. ಕಂಪ್ಯೂಟರಿಗೆ ಹೇಳುವುದಿಲ್ಲ. ಕಡತದಲ್ಲಿ 100, ಡಬ್ಬದಲ್ಲಿ 99. ಪರದೇಶದ ವಿತರಕ ಪ್ರತಿ ಶಿಪ್ಪರನ್ನೂ ಬಿಚ್ಚಿ ನೋಡುವುದಿಲ್ಲ. ಹೊರಲೇಬಲ್ ಓದಿ ಒಳಗಿನ ನೂರನ್ನೂ ನಂಬುತ್ತಾನೆ. ಬಿಚ್ಚಿ ಚಿಲ್ಲರೆ ಕಳಿಸುವ ದಿನ ತಾಳೆಯಾಗದೆ ಮಾಲು ಕ್ವಾರಂಟೈನ್ ಕೋಣೆಗೆ ಹೋಗುತ್ತದೆ, ಇಮೇಲ್‌ಗಳು ಶುರುವಾಗುತ್ತವೆ. ಒಂದು ಸ್ಯಾಂಪಲ್ಲಿಗೆ ಇಷ್ಟು ರಾಮಾಯಣ. ಪರಿಹಾರ ಯಂತ್ರದಲ್ಲಿಲ್ಲ: ಸ್ಯಾಂಪಲನ್ನು ಶಿಪ್ಪರ್ ಮುಚ್ಚುವ ಮೊದಲೇ ತೆಗೆಯಬೇಕು, ಆಮೇಲೆ ತೆಗೆದರೆ ಆ ಸಂಖ್ಯೆಯನ್ನು ಕಳಚಿ, ಹೊಸ ಲೇಬಲ್ ಹಾಕದೆ ಟೇಪ್ ಮುಟ್ಟುವಂತಿಲ್ಲ ಎಂಬ ಶಿಸ್ತು ಬೇಕು.

ಈಗ ನಮ್ಮ ಕೌಂಟರಿಗೆ ಬರೋಣ. 'ನಾಲ್ಕು ಮಾತ್ರೆ ಸಾಕು' ಎನ್ನುತ್ತಾನೆ ಗಿರಾಕಿ. ಕತ್ತರಿ ಬರುತ್ತದೆ. (ಮುಂದಿನ ಸಾಲಿನಲ್ಲಿ ನಗು ಕಾಣುತ್ತಿದೆ.) ಕೋಡ್ ಒಂದು ತುಂಡಿನಲ್ಲಿ ಉಳಿಯಿತು, ಎಕ್ಸ್‌ಪೈರಿ ಇನ್ನೊಂದರಲ್ಲಿ. ಸ್ಟ್ರಿಪ್ಪಿಗೊಂದು ಸಂಖ್ಯೆ ಕೊಟ್ಟರೂ ಅದು ಯಾವಾಗ ಸಾಯಬೇಕು? ಮೊದಲ ತುಂಡು ಕೊಟ್ಟಾಗಲೋ, ಕೊನೆಯದು ಕೊಟ್ಟಾಗಲೋ? ಇಡೀ ಡಬ್ಬಿಯನ್ನೇ ಮಾರುವ ದೇಶಗಳ ನಿಯಮವನ್ನು ಹಾಗೇ ಎತ್ತಿ ತಂದರೆ ಇಲ್ಲಿ ಎಡವುತ್ತದೆ. ಮೊದಲ ಕತ್ತರಿ ಬಿದ್ದಾಗಲೇ ಸ್ಟ್ರಿಪ್ 'ಬಿಚ್ಚಿದ್ದು' ಎಂದು ದಾಖಲಾಗಬೇಕು, ಕೋಡ್ ಇರುವ ತುಂಡು ಅಂಗಡಿಯಲ್ಲೇ ಕೊನೆಯ ತನಕ ಇರಬೇಕು ಎಂಬುದು ನನ್ನ ಅಭಿಪ್ರಾಯ. ವಿರೋಧ ಇರುವವರು ಚಹಾಕ್ಕೆ ಸಿಗಿ.

ಎಕ್ಸ್‌ಪೈರಿ ರಿಟರ್ನ್ ವಿಷಯದಲ್ಲೂ ಇದೇ ವಾದ. ಅವಧಿ ಮುಗಿದ ಮಾಲು ಸ್ಟಾಕಿಸ್ಟರಿಗೆ ವಾಪಸು ಹೋಗುತ್ತದೆ, ಕ್ರೆಡಿಟ್ ನೋಟ್ ಬರುತ್ತದೆ. ದಾರಿಯಲ್ಲಿ ಅದರ ತಾರೀಖು ಅಳಿಸಿ ಹೊಸದು ಒತ್ತಿದರೆ ಬ್ಯಾಚ್ ಕೋಡ್ ಏನೂ ಹೇಳಲಾರದು. ಡಬ್ಬಿಯ ಸಂಖ್ಯೆಯನ್ನು ರಿಟರ್ನ್ ಹೊತ್ತಿಗೇ ರದ್ದು ಮಾಡಿದ್ದರೆ ಅದು ಮತ್ತೆ ಕೌಂಟರಿಗೆ ಬರುವಂತಿಲ್ಲ.

ಸರ್ಕಾರಿ ಉಗ್ರಾಣದವರ ವಿಷಯಕ್ಕೆ ಸಮಯ ಉಳಿಸಿಕೊಳ್ಳಬೇಕಿತ್ತು, ಅಧ್ಯಕ್ಷರು ಈಗಾಗಲೇ ಗಡಿಯಾರ ನೋಡಿದರು. ಚುಟುಕಾಗಿ ಹೇಳುತ್ತೇನೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಅನುಮಾನ ರಕ್ತನಾಳಕ್ಕೆ ಡ್ರಿಪ್ ಆಗಿ ಏರಿಸುವ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ದ್ರಾವಣದ ಮೇಲೆ ಬಿತ್ತು, ರಾಜ್ಯ ಅದರ ಬಳಕೆ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ತಂತ್ರಾಂಶದಲ್ಲಿ ಬ್ಯಾಚ್ ಫ್ರೀಜ್ ಮಾಡಿದರೆ ಉಗ್ರಾಣದಲ್ಲಿ ಇರುವ ಮಾಲು ನಿಲ್ಲುತ್ತದೆ. ಇಂಡೆಂಟ್ ಎಂಬ ಬೇಡಿಕೆ ಚೀಟಿಯ ಮೇಲೆ ಆಗಲೇ ವಾರ್ಡಿಗೆ ಹೋದದ್ದು? ತಂತ್ರಾಂಶದ ಲೆಕ್ಕದಲ್ಲಿ ಅದು ಖರ್ಚಾಗಿದೆ. ಕೇಸ್ ಶೀಟಿನಲ್ಲಿ 'ಆರ್‌ಎಲ್ 500 ಎಂಎಲ್' ಎಂದಷ್ಟೇ ಬರೆದಿದ್ದರೆ ಯಾವ ತಾಯಿಗೆ ಯಾವ ಬ್ಯಾಚ್ ಏರಿತು ಎಂದು ಆಮೇಲೆ ಹೇಳುವವರು ಯಾರು? ಅಲ್ಲಿ ಊರ ಹೆಸರೂ ಇಲ್ಲ. ಬಾಟಲಿಯ ಲೇಬಲ್ಲನ್ನು ಸ್ಕ್ಯಾನ್ ಮಾಡುವುದು ದೂರದ ಮಾತಾದರೂ, ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯುವುದಕ್ಕೆ ಪೆನ್ನು ಸಾಕು.

ಲಸಿಕೆಯ ದಾಸ್ತಾನು, ಉಷ್ಣಾಂಶಗಳ ಮೇಲೆ ಕಣ್ಣಿಡುವ ಇ-ವಿನ್ ವ್ಯವಸ್ಥೆಯ ಬಗ್ಗೆ ನಾಲ್ಕು ಪುಟ ಬರೆದು ತಂದಿದ್ದೇನೆ, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ: ಫ್ರಿಜ್ಜಿನ ಉಷ್ಣಾಂಶವನ್ನು ಸೆನ್ಸರ್ ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತದೆ, ಗಂಟೆಗೊಮ್ಮೆ ಸರ್ವರಿಗೆ ಕಳಿಸುತ್ತದೆ. ಬಿಸಿಯಾಯಿತು ಎಂದು ಎಲ್ಲರೂ ಹೆದರುತ್ತಾರೆ. ಹೆಪಟೈಟಿಸ್ ಬಿ ಲಸಿಕೆ, ಐದು ರೋಗಗಳ ಪೆಂಟಾವೇಲೆಂಟ್ ಲಸಿಕೆ ಹಾಳಾಗುವುದು ಹೆಪ್ಪುಗಟ್ಟಿದಾಗಲೂ ಹೌದು, ಆದ್ದರಿಂದ 2 ಡಿಗ್ರಿಯ ಕೆಳಗಿನ ಎಚ್ಚರಿಕೆಯನ್ನು 8ರ ಮೇಲಿನದಷ್ಟೇ ಗಂಭೀರವಾಗಿ ನೋಡಿ. ಹಲವು ಕಂಪ್ಯೂಟರುಗಳಲ್ಲಿ ಹಂಚಿಟ್ಟ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್ ಬಗ್ಗೆ ಕೇಳಬೇಕೆಂದು ಒಬ್ಬರು ಚೀಟಿ ಕಳಿಸಿದ್ದಾರೆ. ಲೈನಿನ ಹುಡುಗ ಹೇಳದ ಸ್ಯಾಂಪಲನ್ನು ಬ್ಲಾಕ್‌ಚೈನ್ ಕೂಡ ನೂರು ಎಂದೇ ಬರೆದುಕೊಳ್ಳುತ್ತದೆ, ಅಳಿಸಲಾಗದಂತೆ.

ಅಂಗಡಿಯವರಿಗೊಂದು ಕೆಲಸ. ಸಂಜೆ ಹೋದಾಗ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು, ನಿಮ್ಮ ಸ್ಕ್ಯಾನರಿನಿಂದ ಚೌಕದ ಕೋಡಿರುವ ಒಂದು ಡಬ್ಬಿಯನ್ನು ಹೊಡೆಯಿರಿ, ಕ್ಯಾಪ್ಸ್ ಲಾಕ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಏನೂ ಬಾರದಿದ್ದರೆ ನಿಮ್ಮದು ಬರೀ ಗೆರೆ ಬಾರ್‌ಕೋಡ್ ಓದುವ ಹಳೆಯ ಲೇಸರ್ ಸ್ಕ್ಯಾನರ್. ಚೌಕದ ಕೋಡ್ ಓದಲು ಕ್ಯಾಮರಾ ಇರುವ ಟೂ-ಡಿ ಸ್ಕ್ಯಾನರೇ ಬೇಕು. ಸಾಲು ಬಂದರೆ ಅದರಲ್ಲಿ ಎಕ್ಸ್‌ಪೈರಿ ಎಲ್ಲಿ, ಬ್ಯಾಚ್ ಎಲ್ಲಿ ಎಂದು ಪೆನ್ನಿನಿಂದ ಗುರುತು ಹಾಕಿ ನೋಡಿ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನವರು ಮುಂದಿನ ಸಲ ವರ್ಷದ ನಿರ್ವಹಣೆಯ (ಎಎಂಸಿ) ದುಡ್ಡು ಕೇಳಲು ಬಂದಾಗ ಆ ಹಾಳೆಯನ್ನು ಮುಂದಿಡಿ.