ಮಲಗುವ ಕೋಣೆಯ ಕಿಟಕಿಗೆ ಯಾವ ಬ್ಲೈಂಡ್?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆ ಬೆಂಗಳೂರಿನಲ್ಲಿದೆ. ಮೂರು ಮಲಗುವ ಕೋಣೆಗಳು. ಪಶ್ಚಿಮದ ಕಡೆಯದು ನಮ್ಮದು, ಪೂರ್ವದ ಕಡೆಯದು ಅತ್ತೆಯವರದು. ರಸ್ತೆಗೆ ತಾಗಿದ ಮೂರನೆಯದು ಮಗಳದು. ಅವಳು ನರ್ಸ್, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಹೊತ್ತು ಮಲಗಬೇಕು.

ಎರಡು ವರ್ಷದ ಹಿಂದೆ ಈ ಮೂರೂ ಕೋಣೆಯ ಕಿಟಕಿಗೆ ಒಂದೇ ಥರದ ಬ್ಲೈಂಡ್, ಅಂದರೆ ಎತ್ತಿ ಇಳಿಸುವ ಪರದೆ, ಹಾಕಿಸಿದೆ. ಜೀಬ್ರಾ ಅಂತಾರಲ್ಲ, ಒಂದು ಪಟ್ಟಿ ದಪ್ಪ, ಒಂದು ಪಟ್ಟಿ ತೆಳು, ಅದು. ಅಂಗಡಿಯಲ್ಲಿ ನೋಡೋಕೆ ಬಹಳ ಚೆನ್ನಾಗಿತ್ತು. ಹದಿನೈದು ದಿನದಲ್ಲಿ ಮೂರು ಕೋಣೆಯಿಂದಲೂ ದೂರು ಬಂತು. ನಮ್ಮ ಕೋಣೆ ಸಂಜೆ ಒಲೆಯಂತೆ ಕಾಯುತ್ತಿತ್ತು. ಮಗಳಿಗೆ ಪಟ್ಟಿಗಳ ಸಂದಿನಿಂದ ಬೆಳಕು ಮುಖಕ್ಕೇ ಬೀಳುತ್ತಿತ್ತು. ಅತ್ತೆಗೆ ಅದರ ಸರಪಳಿ ಎಳೆಯೋಕೇ ಆಗುತ್ತಿರಲಿಲ್ಲ. ಅವರಿಗೆ ಬೆರಳ ಗಂಟುಗಳಲ್ಲಿ ನೋವಿದೆ. ಕೊಳ್ಳುವ ಮೊದಲು ನಾನು ಬಣ್ಣ ನೋಡಿದ್ದೆ, ಕಿಟಕಿಯನ್ನು ನೋಡಿರಲಿಲ್ಲ.

ಹಾಗಾಗಿ ಮೊದಲು ಕಿಟಕಿಯ ದಿಕ್ಕಿನ ಮಾತು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಅಂದರೆ ಮೇ ತಿಂಗಳ ಸುಡುಬಿಸಿಲಿನಲ್ಲಿ ದಕ್ಷಿಣದ ಕಿಟಕಿಗೆ ಬಿಸಿಲಿನ ಕಾಟ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿಗೆ ಬಿಸಿಲು ಬರುವುದು ಡಿಸೆಂಬರ್ ಚಳಿಯಲ್ಲಿ. ಆಗ ಅದು ಬೇಕೂ ಬೇಕು. ದಕ್ಷಿಣಕ್ಕೆ ದಪ್ಪ ಬ್ಲೈಂಡ್ ಹಾಕಿ ಆ ಎಳೆಬಿಸಿಲನ್ನು ಕಳೆದುಕೊಳ್ಳಬೇಡಿ.

ಕಷ್ಟ ಇರುವುದು ಪಶ್ಚಿಮಕ್ಕೆ. ಕಿಟಕಿಯ ಮೇಲೆ ಸಜ್ಜಾ ಇದೆಯಲ್ಲ, ಸಾಕು ಅಂತ ಅನ್ನಿಸುತ್ತದೆ. ಸೂರ್ಯ ಮೇಲಿದ್ದಾಗ ಸಜ್ಜಾ ನೆರಳು ಕೊಡುತ್ತದೆ, ನಿಜ. ಆದರೆ ಮೇ ತಿಂಗಳ ಸಂಜೆ ನಾಲ್ಕಕ್ಕೆ ಸೂರ್ಯ ಓರೆಯಾಗಿರುತ್ತಾನೆ. ಆಗ ಒಂದೂವರೆ ಅಡಿಯ ಸಜ್ಜಾದ ನೆರಳು ಕಿಟಕಿಯ ಮೇಲ್ಭಾಗದ ಹೆಚ್ಚುಕಮ್ಮಿ ಒಂದಡಿಗೆ ಮಾತ್ರ ಬೀಳುತ್ತದೆ. ಉಳಿದದ್ದೆಲ್ಲ ಬಿಸಿಲು. ಅದು ನೇರ ಹಾಸಿಗೆಗೆ, ಗೋಡೆಗೆ ಬೀಳುತ್ತದೆ. ಗೋಡೆ ಹೀರಿಕೊಂಡ ಕಾವು ರಾತ್ರಿ ನಾವು ಮಲಗಿದಾಗ ನಿಧಾನಕ್ಕೆ ಹೊರಬರುತ್ತದೆ.

ಇಲ್ಲಿ ಇನ್ನೊಂದು ವಿಷಯ ನಾನು ತಡವಾಗಿ ಕಲಿತೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಒಳಗಿನ ಬ್ಲೈಂಡ್ ತಡೆಯುವುದು ಸ್ವಲ್ಪವೇ. ಸಂಜೆ ಹೋಗಿ ಬ್ಲೈಂಡ್ ಮೇಲೆ ಕೈ ಇಟ್ಟು ನೋಡಿ, ಬಿಸಿಯಾಗಿರುತ್ತದೆ. ಆ ಬಿಸಿ ಕೋಣೆಗೇ ಬರಬೇಕು, ಬೇರೆ ದಾರಿ ಇಲ್ಲ. ಗಾಜಿನ ಹೊರಗೇ ತಡೆದರೆ ಮಾತ್ರ ಕೋಣೆ ತಂಪಾಗಿರುತ್ತದೆ. ನಮ್ಮ ಹಿರಿಯರು ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟುತ್ತಿದ್ದದ್ದು ಅದಕ್ಕೇ. ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವ ಪದ್ಧತಿಯೂ ಇತ್ತು. ನೀರು ಆರುವಾಗ ಗಾಳಿ ತಂಪಾಗುತ್ತದೆ, ಜೊತೆಗೆ ಆ ಪರಿಮಳ! ಕಲಬುರಗಿ, ರಾಯಚೂರಿನ ಒಣಗಾಳಿಗೆ ಇದು ಈಗಲೂ ಚೆನ್ನಾಗಿ ಒಗ್ಗುತ್ತದೆ. ಮಂಗಳೂರಿನ ಸೆಕೆಗೆ ಒಗ್ಗುವುದಿಲ್ಲ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವಾಗ ಚಿಮುಕಿಸಿದ ನೀರು ಆರುವುದೇ ಕಷ್ಟ.

ನಮ್ಮ ಪಶ್ಚಿಮದ ಕಿಟಕಿಗೆ ಈಗ ಸಜ್ಜಾದಿಂದ ಇಳಿಬಿಟ್ಟ ಬಿದಿರಿನ ಬ್ಲೈಂಡ್ ಇದೆ. ಮಳೆಗಾಲದಲ್ಲಿ ಬಿಚ್ಚಿ ಒಳಗಿಡುತ್ತೇವೆ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಎಲ್ಲ ಅಪಾರ್ಟ್‌ಮೆಂಟಿನಲ್ಲೂ ಹೊರಗೆ ಕಟ್ಟಲು ಬಿಡುವುದಿಲ್ಲ, ಗೊತ್ತು. ಅಂಥ ಕಡೆ ಒಳಗಿನ ಬ್ಲೈಂಡನ್ನೇ ನೋಡಿ ತೆಗೆದುಕೊಳ್ಳಿ. ಗಾಜಿನ ಕಡೆಗೆ ಬರುವ ಮೈ ಬಿಳಿಯದಾಗಿರಲಿ. ಬಿಳಿ ಮೈ ಬಿಸಿಲನ್ನು ವಾಪಸು ಗಾಜಿನಾಚೆಗೆ ಕಳಿಸುತ್ತದೆ. ಕೋಣೆಯ ಕಡೆಗೆ ನಿಮಗಿಷ್ಟವಾದ ಬಣ್ಣ ಇರಲಿ.

ಈಗ ಮಗಳ ಕೋಣೆ. ಹಗಲು ನಿದ್ದೆಗೆ ಕತ್ತಲೆ ಬೇಕೇ ಬೇಕು. ಅದಕ್ಕೆ ಬ್ಲಾಕೌಟ್ ಬಟ್ಟೆಯ, ಅಂದರೆ ಬೆಳಕನ್ನು ಪೂರ್ತಿ ತಡೆಯುವ ಬಟ್ಟೆಯ ರೋಲರ್ ಬ್ಲೈಂಡ್ ಸರಿ. ರೋಲರ್ ಅಂದರೆ ಮೇಲಿನ ಕೊಳವೆಗೆ ಸುತ್ತಿಕೊಳ್ಳುವಂಥದ್ದು. ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಬಟ್ಟೆಯ ತುಂಡಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕು ಒಂದು ಚುಕ್ಕೆಯಷ್ಟೂ ಕಾಣಬಾರದು. ಕೆಲವು ಬಟ್ಟೆ ನೋಡಲು ದಪ್ಪ, ಆದರೆ ಬೆಳಕನ್ನು ಬರೀ ಮಂಕು ಮಾಡುತ್ತದೆ, ತಡೆಯುವುದಿಲ್ಲ.

ಬಟ್ಟೆ ಒಳ್ಳೆಯದಾದರೆ ಮುಗಿಯಿತಾ? ಇಲ್ಲ. ಬೆಳಕು ಬರುವುದು ಪಕ್ಕದಿಂದ. ಬ್ಲೈಂಡಿನ ಎರಡು ತುದಿಯಲ್ಲಿ ಕೊಂಡಿ, ಸರಪಳಿಯ ಗಾಲಿ ಎಲ್ಲ ಕೂರಬೇಕು. ಹಾಗಾಗಿ ಬಟ್ಟೆಯ ಅಗಲ ಒಟ್ಟು ಅಗಲಕ್ಕಿಂತ ಒಂದಿಂಚಿನಷ್ಟು ಕಮ್ಮಿಯೇ ಇರುತ್ತದೆ. ಕಿಟಕಿ ಚೌಕಟ್ಟಿನ ಒಳಗೆ ಕೂರಿಸಿದರೆ ಎರಡೂ ಪಕ್ಕ ಬೆಳಕಿನ ಗೆರೆ ಗ್ಯಾರಂಟಿ. ರಾತ್ರಿ ಬೀದಿದೀಪ ಎದುರಿಗಿದ್ದರಂತೂ ಆ ಗೆರೆ ಬೇಸರ ತರಿಸುತ್ತದೆ. ಅದಕ್ಕೆ ಮಲಗುವ ಕೋಣೆಗೆ ಚೌಕಟ್ಟಿನ ಹೊರಗೆ, ಗೋಡೆಗೆ ಕೂರಿಸುವುದು ಒಳ್ಳೆಯದು. ಎಲ್ಲ ಕಡೆಯೂ ಮೂರು ಮೂರು ಇಂಚು ಜಾಸ್ತಿ ಇರಲಿ. ಇದಕ್ಕೆ ಖರ್ಚೂ ಜಾಸ್ತಿ, ಮೊದಲೇ ಲೆಕ್ಕ ಹಾಕಿಕೊಳ್ಳಿ. ಬ್ಲೈಂಡಿಗೆ ದುಡ್ಡು ಚದರಡಿ ಲೆಕ್ಕದಲ್ಲಿ. ನಾಲ್ಕಡಿಗೆ ಐದಡಿಯ ಕಿಟಕಿ 20 ಚದರಡಿ. ಸುತ್ತ ಮೂರಿಂಚು ಸೇರಿಸಿದರೆ ಹತ್ತಿರಹತ್ತಿರ 25 ಚದರಡಿ ಆಗುತ್ತದೆ.

ಚೌಕಟ್ಟಿನ ಒಳಗೇ ಕೂರಿಸಬೇಕು ಅಂದರೆ ಅಗಲವನ್ನು ಮೂರು ಕಡೆ ಅಳೆಯಿರಿ. ಮೇಲೆ, ನಡುವೆ, ಕೆಳಗೆ. ಮೂರರಲ್ಲಿ ಯಾವುದು ಕಡಿಮೆಯೋ ಅದನ್ನು ಬರೆದುಕೊಳ್ಳಿ. ನಮ್ಮ ಮನೆಗಳ ಚೌಕಟ್ಟು ಎಲ್ಲ ಕಡೆ ಒಂದೇ ಅಳತೆ ಇರುವುದು ಅಪರೂಪ. ನಾನು ಮೇಲೆ ಮಾತ್ರ ಅಳೆದಿದ್ದೆ. ಬ್ಲೈಂಡ್ ಅರ್ಧಕ್ಕೆ ಇಳಿದು ಸಿಕ್ಕಿಕೊಂಡಿತು. ಹಾಗೆಯೇ ಕಿಟಕಿಯ ಬಾಗಿಲು ಯಾವ ಕಡೆ ತೆರೆಯುತ್ತದೆ, ಗ್ರಿಲ್ ಎಲ್ಲಿದೆ, ಸೊಳ್ಳೆ ಪರದೆ ಎಲ್ಲಿದೆ ನೋಡಿ. ಬಾಗಿಲು ಒಳಕ್ಕೆ ತೆರೆದರೆ ಬ್ಲೈಂಡಿಗೆ ತಾಗುತ್ತದೆ. ಕಿಟಕಿ ತೆರೆದು ಮಲಗುವವರಿಗೆ ಹಗುರವಾದ ರೋಲರ್ ರಾತ್ರಿಯೆಲ್ಲ ಪಟಪಟ ಬಡಿಯುತ್ತದೆ. ಅಲ್ಯೂಮಿನಿಯಂ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿದ ವೆನಿಶಿಯನ್ ಬ್ಲೈಂಡ್ ಇನ್ನೂ ಜಾಸ್ತಿ ಸದ್ದು ಮಾಡುತ್ತದೆ, ಧೂಳೂ ಹಿಡಿಯುತ್ತದೆ. ಅದು ಆಫೀಸಿಗೆ ಸರಿ ಅಂತ ನನ್ನ ಅಭಿಪ್ರಾಯ.

ಹೊರಗಿನ ನೋಟ ಕಾಣಿಸುವ ಜಾಲರಿಯಂಥ ಬಟ್ಟೆಯೂ ಬಂದಿದೆ. ಹಗಲು ಒಳಗಿಂದ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹಾಕಿದರೆ ಪೂರ್ತಿ ತಿರುಗುಮುರುಗು. ಮಲಗುವ ಕೋಣೆಗೆ ಅದೊಂದೇ ಸಾಲದು, ಜೊತೆಗೆ ಪರದೆ ಬೇಕು.

ಅತ್ತೆಯ ಕೋಣೆಯಲ್ಲಿ ಬ್ಲೈಂಡನ್ನೇ ತೆಗೆಸಿದೆವು. ಮಗಳಿಗೆ ಹಾಕಿಸಿದ ಕತ್ತಲೆಯ ಬಟ್ಟೆಯನ್ನೇ ನಿಮಗೂ ಹಾಕಿಸಲಾ ಅಂತ ಕೇಳಿದ್ದೆ. "ಬೇಡ ಕಣಮ್ಮಾ, ಬೆಳಗಾದದ್ದೇ ಗೊತ್ತಾಗಲ್ಲ" ಅಂದರು. ಅವರು ಹೇಳಿದ್ದು ಸರಿ. ಬೆಳಗಿನ ಬೆಳಕು ನೋಡಿಯೇ ನಮ್ಮ ಮೈ ಹಗಲು ರಾತ್ರಿಯ ಲೆಕ್ಕ ಇಡುವುದು. ರಾತ್ರಿ ಮಲಗಿ ಬೆಳಿಗ್ಗೆ ಏಳುವವರಿಗೆ ಪೂರ್ತಿ ಕತ್ತಲೆ ಮಾಡಿ ಆ ಬೆಳಕನ್ನು ತಡೆಯುವುದು ಯಾಕೆ? ಅಲ್ಲಿ ಈಗ ಬಿಳಿ ಹತ್ತಿಯ ಪರದೆ ಇದೆ. ಒಂದೇ ಕೈಯಲ್ಲಿ ಸರಿಸಿಕೊಳ್ಳುತ್ತಾರೆ. ಐದೂವರೆಗೆ ಕೋಣೆ ತೆಳ್ಳಗೆ ಬೆಳಗುತ್ತದೆ, ಅವರು ಎದ್ದು ಕೂರುತ್ತಾರೆ.

ಕೊನೆಯದಾಗಿ, ಮಕ್ಕಳಿರುವ ಮನೆಯವರು ದಯವಿಟ್ಟು ಗಮನ ಕೊಟ್ಟು ಕೇಳಿ. ಬ್ಲೈಂಡ್ ಎತ್ತಿ ಇಳಿಸುವ ಹಗ್ಗ ಅಥವಾ ಸರಪಳಿ ಕುಣಿಕೆಯಂತೆ ನೇತಾಡುತ್ತದೆ. ಆಡುವ ಮಗುವಿನ ಕುತ್ತಿಗೆಗೆ ಅದು ಸಿಕ್ಕಿಕೊಂಡರೆ ಸದ್ದೂ ಆಗುವುದಿಲ್ಲ, ಕೆಲವೇ ನಿಮಿಷದಲ್ಲಿ ಪ್ರಾಣಕ್ಕೆ ಅಪಾಯ. ಹೊರದೇಶಗಳಲ್ಲಿ ಹೀಗೆ ಮಕ್ಕಳು ತೀರಿಕೊಂಡಿದ್ದಾರೆ. ಅಮೆರಿಕದಲ್ಲಿ 2018ರ ಡಿಸೆಂಬರಿನಿಂದ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡುಗಳಿಗೆ ಮಕ್ಕಳ ಕೈಗೆ ಸಿಗುವಂಥ ಉದ್ದ ಹಗ್ಗ ಇರಬಾರದು ಅಂತ ಹೊಸ ಮಾನದಂಡವನ್ನೇ ತಂದರು. ನೀವೂ ಹಗ್ಗವಿಲ್ಲದ ಬ್ಲೈಂಡ್ ಕೇಳಿ. ಕೆಳಗಿನ ಪಟ್ಟಿ ಹಿಡಿದು ಎತ್ತಿದರೆ ಮೇಲಕ್ಕೆ ಹೋಗುವಂಥದ್ದು ಸಿಗುತ್ತದೆ. ಈಗಾಗಲೇ ಸರಪಳಿಯದ್ದು ಇದ್ದರೆ ಗೋಡೆಗೆ ಐದಡಿ ಎತ್ತರದಲ್ಲಿ ಕೊಕ್ಕೆ ಹೊಡೆಸಿ, ಬಿಗಿಯಾಗಿ ಸುತ್ತಿಡಿ. ತೊಟ್ಟಿಲು, ಮಂಚ, ಕುರ್ಚಿ ಕಿಟಕಿಯ ಪಕ್ಕ ಬೇಡ, ಮಕ್ಕಳು ಹತ್ತುತ್ತಾರೆ. ನಮ್ಮ ಮೊಮ್ಮಗ ರಜೆಗೆ ಬರುವ ಹಿಂದಿನ ದಿನ ನಾವು ಮಂಚವನ್ನೇ ಎದುರು ಗೋಡೆಗೆ ಸರಿಸಿದೆವು. ಅದು ಈಗಲೂ ಅಲ್ಲೇ ಇದೆ.

ನಮಸ್ಕಾರ.